ಗಾಳಿಯ ಲೆಕ್ಕ
ಅಮೆರಿಕದ ಕೊಲರಾಡೊದ ರಾಕಿ ಪರ್ವತದಲ್ಲಿ ಮ್ಯೂಲ್ ಡೀರ್ ಎಂಬ ಜಿಂಕೆಯ ಬೇಟೆಯ ಕಾಲ. ಲೈಸೆನ್ಸ್ ಇರುವ ಗೆಳೆಯನ ಜೊತೆ ನಾನು ಬೈನಾಕ್ಯುಲರ್ ಹಿಡಿದು ಹೋಗುತ್ತೇನೆ. ದೂರ ಅಳೆಯುವ ರೇಂಜ್‌ಫೈಂಡರ್ 400 ಗಜ ತೋರಿಸಿದರೂ ಇಳಿಜಾರು 30 ಡಿಗ್ರಿ ಇದ್ದರೆ ಬಂದೂಕಿನ ಗುರಿ ದುರ್ಬೀನು, ಅಂದರೆ ಸ್ಕೋಪ್, ಹೊಂದಿಸಬೇಕಾದ್ದು ಸಮತಲದ ದೂರಕ್ಕೆ, ಸುಮಾರು 346 ಗಜಕ್ಕೆ. ಎತ್ತರದ ತೆಳು ಗಾಳಿಯಲ್ಲಿ ಗುಂಡು ಕೆಳಗಿಳಿಯುವುದೂ ಕಡಿಮೆ. ಇಷ್ಟನ್ನು ಯಂತ್ರವೇ ಹೇಳುತ್ತದೆ. ಕಣಿವೆಯ ಆಚೆ ಬದಿಯ ಗಾಳಿಯನ್ನು ಮಾತ್ರ ಕೈಯಲ್ಲಿರುವ ಮೀಟರ್ ಅಳೆಯಲಾರದು. ಹುಲ್ಲು ಬಾಗುವುದನ್ನು ನೋಡಿಯೇ ಅಂದಾಜು ಮಾಡಬೇಕು. ಗುಂಡು ತಲುಪಲು ಹೆಚ್ಚುಕಡಿಮೆ ಅರ್ಧ ಸೆಕೆಂಡ್. ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟರೂ ಏಟು ಹೊಟ್ಟೆಗೆ ಬಿದ್ದೀತು, ಗಂಟೆಗಟ್ಟಲೆ ನರಳೀತು. ದೂರದಿಂದ ಹೊಡೆದೆ ಅನ್ನುವವರಿಗಿಂತ ತೆವಳಿಕೊಂಡಾದರೂ ಹತ್ತಿರ ಹೋಗುವವರ ಮೇಲೆ ನನಗೆ ಗೌರವ. ಇವತ್ತು ಗಾಳಿ ನಿಲ್ಲಲಿಲ್ಲ, ಗೆಳೆಯ ಟ್ರಿಗರ್ ಮುಟ್ಟದೆ ಎದ್ದ. ತುಂಬಾ ಖುಷಿಯಾಯಿತು.