ವಾರ್ಡ್ ನಕ್ಷೆ ಲೋಡ್ ಆಯ್ತು, ಆಮೇಲೆ?

ಜಯನಗರದ ಗೆಳತಿಯೊಬ್ಬಳು ತಮ್ಮ ಬಡಾವಣೆಯ ಬೋರ್‌ವೆಲ್‌ಗಳನ್ನು ವಾರ್ಡ್ ನಕ್ಷೆಯ ಮೇಲೆ ಗುರುತಿಸಬೇಕು ಅಂತ ಹಟ ಹಿಡಿದಿದ್ದಾಳೆ. ಎಕ್ಸೆಲ್ ಚೆನ್ನಾಗಿ ಗೊತ್ತು, ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೊಸದು. "ಫೈಲ್ ಲೋಡ್ ಮಾಡೋದೊಂದು ಹೇಳೇ, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದಳು. ಲೋಡ್ ಮಾಡುವುದು ಒಂದೇ ಸಾಲು. ಆರ್‌ನಲ್ಲಿ ನಕ್ಷೆಗಳ ಕೆಲಸಕ್ಕಿರುವ ಎಸ್‌ಎಫ್ ಪ್ಯಾಕೇಜ್ ಹಾಕಿಕೊಂಡು, ಅದರ ಎಸ್‌ಟಿ_ರೀಡ್ ಅನ್ನುವ ಆದೇಶಕ್ಕೆ ಫೈಲಿನ ಹೆಸರು ಕೊಟ್ಟರೆ ಆಯ್ತು. ಕಷ್ಟವೆಲ್ಲ ಆ "ಮಿಕ್ಕಿದ್ದರಲ್ಲಿ" ಇದೆ.

ಎಸ್‌ಟಿ_ರೀಡ್ ಕೆಲಸ ಮುಗಿಸಿ ನಾಲ್ಕಾರು ಸಾಲು ಬರೆದು ತೋರಿಸುತ್ತದೆ. ಎಲ್ಲರೂ ಅದನ್ನು ಬಿಟ್ಟು ನೇರ ಚಿತ್ರ ಬರೆಯಲು ಓಡುತ್ತಾರೆ. ನಾನು ಮಾತ್ರ ಆ ಸಾಲುಗಳನ್ನು ಓದದೆ ಮುಂದೆ ಹೋಗುವುದಿಲ್ಲ.

ಮೊದಲು ನೋಡುವುದು ಫೀಚರ್‌ಗಳ ಸಂಖ್ಯೆ, ಅಂದರೆ ಫೈಲಿನಲ್ಲಿ ಎಷ್ಟು ವಾರ್ಡ್‌ಗಳಿವೆ ಅನ್ನುವುದು. ಬೆಂಗಳೂರಿನ ಮಟ್ಟಿಗೆ ಇದು ಬಹಳ ಮುಖ್ಯ. 198 ಬಂದರೆ ಹಳೆಯ ಬಿಬಿಎಂಪಿ ವಾರ್ಡ್‌ಗಳು. 243 ಬಂದರೆ 2022ರ ವಿಂಗಡಣೆ. 225 ಆದರೆ 2023ರದ್ದು. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ, ಅದು ಇನ್ನೊಂದೇ ಲೆಕ್ಕ. ಫೈಲಿನ ಹೆಸರು ಮಾತ್ರ ಎಲ್ಲ ಕಡೆಯೂ "ವಾರ್ಡ್ಸ್" ಅಂತಲೇ ಇರುತ್ತದೆ! ಹಾಗಾಗಿ ವಾರ್ಡ್ ನಂಬರ್ ನಂಬಿ ಎರಡು ಪಟ್ಟಿ ಜೋಡಿಸಬೇಡಿ. ಆರ್ ಚಕಾರ ಎತ್ತದೆ ಜೋಡಿಸಿಬಿಡುತ್ತದೆ, ಒಂದು ಏರಿಯಾದ ಬೋರ್‌ವೆಲ್ ಇನ್ನೊಂದು ಏರಿಯಾಕ್ಕೆ ಹೋಗಿರುತ್ತದೆ. ಬೋರ್‌ವೆಲ್‌ನ ಅಕ್ಷಾಂಶ ರೇಖಾಂಶ ಇದ್ದರೆ ಎಸ್‌ಟಿ_ಜಾಯಿನ್ ಬಳಸಿ, ಅದು ಬೋರ್‌ವೆಲ್ ಯಾವ ವಾರ್ಡಿನ ಗಡಿಯೊಳಗೆ ಬೀಳುತ್ತದೆ ಅಂತ ನೋಡಿ ಜೋಡಿಸುತ್ತದೆ. ಆಗ ನಂಬರಿನ ಹಂಗೇ ಇಲ್ಲ.

ಆಮೇಲೆ ಬೌಂಡಿಂಗ್ ಬಾಕ್ಸ್, ಅಂದರೆ ನಕ್ಷೆ ಎಲ್ಲಿಂದ ಎಲ್ಲಿಯವರೆಗೆ ಇದೆ ಅನ್ನುವುದು. ಎಕ್ಸ್ 77.5ರ ಆಸುಪಾಸು, ವೈ 13ರ ಆಸುಪಾಸು ಇದ್ದರೆ ಡಿಗ್ರಿಯಲ್ಲಿದೆ, ಸರಿಯಾಗಿದೆ. ಎಕ್ಸ್ ಏಳೂಮುಕ್ಕಾಲು ಲಕ್ಷ, ವೈ ಹದಿನಾಲ್ಕು ಲಕ್ಷದ ಮೇಲಿದ್ದರೆ ಅದು ಮೀಟರ್‌ನಲ್ಲಿದೆ. ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ) 43 ಉತ್ತರ ವಲಯ, ಇಪಿಎಸ್‌ಜಿ ಕೋಡ್ (ಇಂಥ ಪದ್ಧತಿಗಳನ್ನು ಗುರುತಿಸುವ ನಂಬರ್) 32643 ಇರಬೇಕು. ಬೋರ್‌ವೆಲ್ ಪಟ್ಟಿಯಲ್ಲಿ ಎಕ್ಸ್ ವೈ ಅದಲು ಬದಲಾದರಂತೂ ಬೆಂಗಳೂರು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ನೀರಿಗಂತೂ ಬರ ಇಲ್ಲ ಬಿಡಿ.

ಕೊನೆಯ ಸಾಲಿನಲ್ಲಿ ಸಿಆರ್‌ಎಸ್, ಅಂದರೆ ಅಂಕಿಗಳು ಯಾವ ಅಳತೆಯ ಪದ್ಧತಿಯಲ್ಲಿವೆ ಅನ್ನುವುದು, ಇರುತ್ತದೆ. ಅಲ್ಲಿ ಎನ್‌ಎ ಅಂತ ಬಂದರೆ ಬಹುತೇಕ ಪಿಆರ್‌ಜೆ ಫೈಲ್ ಕಳೆದುಹೋಗಿದೆ ಅಂತ ಅರ್ಥ. ಶೇಪ್‌ಫೈಲ್ ಅಂದರೆ ಫೈಲುಗಳ ಒಂದು ಕಟ್ಟು: ಗಡಿಗಳಿಗೆ ಎಸ್‌ಎಚ್‌ಪಿ, ಸೂಚಿಗೆ ಎಸ್‌ಎಚ್‌ಎಕ್ಸ್, ಹೆಸರುಗಳ ಕೋಷ್ಟಕಕ್ಕೆ ಡಿಬಿಎಫ್, ಅಳತೆಯ ಪದ್ಧತಿಗೆ ಪಿಆರ್‌ಜೆ. ಜನ ಇದರಲ್ಲಿ ಒಂದನ್ನಷ್ಟೇ ವಾಟ್ಸಾಪ್ ಮಾಡಿ "ಓಪನ್ ಆಗ್ತಿದ್ಯಾ?" ಅಂತ ಕೇಳುತ್ತಾರೆ. ಪಿಆರ್‌ಜೆ ಇಲ್ಲದಿದ್ದರೆ ಬೌಂಡಿಂಗ್ ಬಾಕ್ಸ್ ನೋಡಿ ಯಾವ ಪದ್ಧತಿ ಅಂತ ಊಹಿಸಿ, ಎಸ್‌ಟಿ_ಸೆಟ್_ಸಿಆರ್‌ಎಸ್‌ನಿಂದ ಹೇಳಬೇಕು. ಇದು ಬರೀ ಚೀಟಿ ಅಂಟಿಸುವುದು, ಅಂಕಿಗಳು ಹಾಗೇ ಇರುತ್ತವೆ. ಅಂಕಿಗಳನ್ನೇ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಬದಲಿಸುವುದು ಎಸ್‌ಟಿ_ಟ್ರಾನ್ಸ್‌ಫಾರ್ಮ್. ಡಿಗ್ರಿಯಲ್ಲಿರುವ ನಕ್ಷೆಗೆ 32643ರ ಚೀಟಿ ಅಂಟಿಸಿದರೆ ಇಡೀ ಬೆಂಗಳೂರು ಒಂದು ಮೀಟರ್ ಒಳಗೆ ಮುಗಿಯುತ್ತದೆ.

ಇನ್ನು ನಮ್ಮದೇ ತೊಂದರೆ: ಕನ್ನಡ. ಡಿಬಿಎಫ್ ತುಂಬ ಹಳೆಯ ಕಾಲದ ಕೋಷ್ಟಕ. ಕಾಲಂ ಹೆಸರಿಗೆ ಹತ್ತೇ ಬೈಟ್ ಜಾಗ. ಯುಟಿಎಫ್-8ರಲ್ಲಿ (ಎಲ್ಲ ಭಾಷೆಗಳ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ) ಕನ್ನಡದ ಅಕ್ಷರಕ್ಕೆ ಮೂರು ಬೈಟ್ ಬೇಕು, ಗುಣಿತದ ಗುರುತಿಗೆ, ವಿರಾಮಕ್ಕೆ ಮತ್ತೆ ಮೂರು ಮೂರು. "ವಾರ್ಡ್" ಅಂತ ಬರೆಯಲು ಹದಿನೆಂಟು ಬೈಟ್! ಅದಕ್ಕೇ ಕಾಲಂ ಹೆಸರು ಇಂಗ್ಲಿಷಿನಲ್ಲೇ ಇರಲಿ ಅನ್ನುತ್ತೇನೆ, ಇದರಲ್ಲಿ ಅಭಿಮಾನದ ಪ್ರಶ್ನೆ ಇಲ್ಲ. ಒಳಗಿನ ಬಸವನಗುಡಿ, ಮಲ್ಲೇಶ್ವರಗಳು ಮಾತ್ರ ಕನ್ನಡದಲ್ಲಿ ಇರಬಹುದು. ಅವು ವಿಚಿತ್ರ ಗುರುತುಗಳಾಗಿ ಕಂಡರೆ ಅಕ್ಷರಗಳನ್ನು ಯಾವ ಕ್ರಮದಲ್ಲಿ ಬರೆದಿದೆ ಅಂತ ಹೇಳುವ ಸಿಪಿಜಿ ಅನ್ನುವ ಪುಟ್ಟ ಫೈಲ್ ಜೊತೆಗೆ ಇದೆಯಾ ನೋಡಿ. ಇಲ್ಲದಿದ್ದರೆ ಓದುವಾಗ ಆಪ್ಷನ್ಸ್‌ನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಅಂತ ಕೊಡಿ. ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದರೆ ಉಳಿಸಿದವರ ಕಡೆಯೇ ಕನ್ನಡ ಹೋಗಿರುತ್ತದೆ, ಮೂಲ ಫೈಲ್ ಕೇಳುವುದೊಂದೇ ದಾರಿ.

ಗೆಳತಿಗೆ ನಾನು ಕೊಟ್ಟಿದ್ದು ಶೇಪ್‌ಫೈಲ್ ಅಲ್ಲ, ಜಿಯೋಪ್ಯಾಕೇಜ್ ಅನ್ನುವ ಇನ್ನೊಂದು ಬಗೆಯ ನಕ್ಷೆ ಫೈಲ್. ಎಲ್ಲ ಒಂದೇ ಫೈಲಿನಲ್ಲಿರುತ್ತದೆ, ಹತ್ತು ಬೈಟಿನ ಕಾಟವಿಲ್ಲ. ಎಸ್‌ಟಿ_ರೀಡ್ ಅದನ್ನೂ ಓದುತ್ತದೆ. ಅವಳು ನೆಟ್‌ನಲ್ಲಿ ಸಿಕ್ಕ ಹಳೆಯ ಕೋಡ್ ಹಿಡಿದುಕೊಂಡು ಆರ್‌ಜಿಡಾಲ್ ಅನ್ನುವ ಹಳೆಯ ನಕ್ಷೆ ಪ್ಯಾಕೇಜ್ ಇನ್‌ಸ್ಟಾಲ್ ಆಗ್ತಿಲ್ಲ ಅಂತಿದ್ದಳು. ಆಗುವುದಿಲ್ಲ, ಅದನ್ನೂ ಮ್ಯಾಪ್‌ಟೂಲ್ಸನ್ನೂ 2023ರ ಅಕ್ಟೋಬರಿನಲ್ಲೇ ನಿಲ್ಲಿಸಿದ್ದಾರೆ. ಈಗ ನಕ್ಷೆ ತೆರೆದಿದೆ, ಹೆಸರುಗಳೂ ಸರಿಯಾಗಿವೆ. ಪಿಡಿಎಫ್ ಮಾಡಿದಾಗ ಒತ್ತಕ್ಷರ ಒಡೆಯುತ್ತಿದೆಯಂತೆ. ಪಿಎನ್‌ಜಿ ಸಾಕಾದರೆ ರ್‍ಯಾಗ್ ಅನ್ನುವ, ಚಿತ್ರ ಉಳಿಸುವ ಪ್ಯಾಕೇಜ್ ಹಾಕಿ ನೋಡು ಅಂದಿದ್ದೇನೆ.