ಸಕ್ಕರೆಗೆ ಕನ್ನಡದಲ್ಲಿ ಏನಂತಾರೆ?

ಶನಿವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಬರುವವರೆಲ್ಲ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು. ಮೂರನೇ ಪಾಠ ಅಡುಗೆಮನೆಯದ್ದು. ಅಕ್ಕಿ, ಬೇಳೆ, ಉಪ್ಪು, ಎಣ್ಣೆ ಅಂತ ಹೇಳಿಸುತ್ತಾ ಹೋಗಿ 'ಸಕ್ಕರೆ' ಅಂದೆನೋ ಇಲ್ಲವೋ, ಯಾರಾದರೂ ಒಬ್ಬರು ಕೈ ಎತ್ತುತ್ತಾರೆ. "ಮೇಡಂ, ಅದು ಶುಗರ್ ಅಲ್ವಾ? ಇಂಗ್ಲಿಷ್ ಪದ. ಕನ್ನಡದಲ್ಲಿ ಏನಂತಾರೆ?"

ಒಂದು ಬ್ಯಾಚೂ ಈ ಪ್ರಶ್ನೆ ಇಲ್ಲದೆ ಮುಗಿದಿಲ್ಲ. ನಮ್ಮವರು ಸುಮ್ನಿರುತ್ತಾರಾ ಅಂದರೆ ಅದೂ ಇಲ್ಲ. ಕೆಳಗಿನ ಮನೆಯ ಹಿರಿಯರು "ಅದು ಸಂಸ್ಕೃತ ಕಣಮ್ಮ, ಶರ್ಕರಾ" ಅಂತ ಲಿಫ್ಟಿನಲ್ಲೇ ತೀರ್ಪು ಕೊಡುತ್ತಾರೆ. ಅವರ ಮೊಮ್ಮಗನಿಗೆ ಅಷ್ಟು ಸಾಲದು. "ಹಾಗಾದ್ರೆ ಅಚ್ಚಗನ್ನಡದ ಪದ ಯಾವುದು ಆಂಟಿ?" ಅಂತಾನೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಇಲ್ಲಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಚಿಕ್ಕ ಉತ್ತರ ಇಷ್ಟೇ. ಸಕ್ಕರೆ ಇಂಗ್ಲಿಷಿನಿಂದ ಬಂದದ್ದಲ್ಲ, ಶುಗರ್ರೇ ಇಲ್ಲಿಂದ ಹೋದದ್ದು. ಕನ್ನಡದಲ್ಲಿ ಸಕ್ಕರೆಗೆ ಸಕ್ಕರೆ ಅಂತಲೇ ಅಂತಾರೆ. ಅವಸರ ಇದ್ದವರು ಇಲ್ಲಿಗೇ ಏಳಬಹುದು.

ಉಳಿದವರಿಗೆ ಮೊದಲು ಜೋನಿಬೆಲ್ಲದ ಡಬ್ಬಿ ತೋರಿಸಬೇಕು. ನನ್ನ ಅಜ್ಜಿಯ ಮನೆ ಮಲೆನಾಡಿನಲ್ಲಿ. ಆಲೆಮನೆ ಮುಗಿದ ಮೇಲೆ ವರ್ಷಕ್ಕಾಗುವಷ್ಟು ಜೋನಿಬೆಲ್ಲ ಡಬ್ಬಿಗಳಲ್ಲಿ ತುಂಬಿ ಅಟ್ಟದ ಮೂಲೆ ಸೇರುತ್ತಿತ್ತು. ಹೊಸದರಲ್ಲಿ ಅದು ಜೇನಿನ ಹಾಗೆ ನುಣ್ಣಗೆ ಇರುತ್ತದೆ, ಸೌಟಿನಿಂದ ನೂಲಿನಂತೆ ಇಳಿಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೇಲೆ ಮಾತ್ರ ನೀರುನೀರು. ಕೈ ತಳಕ್ಕೆ ಹಾಕಿದರೆ ಬೆರಳಿಗೆ ಗರಗರ ಅಂತ ಏನೋ ಸಿಗುತ್ತದೆ. ಹೊಳೆಯ ದಡದ ದಪ್ಪ ಮರಳನ್ನು ಬಾಚಿದ ಹಾಗೆ. ಅಜ್ಜಿ "ಬೆಲ್ಲ ಹರಳು ಕಟ್ಟಿದೆ" ಅನ್ನುತ್ತಿದ್ದರು. ನಾವು ಮಕ್ಕಳು ಮೇಲಿನದನ್ನು ಬಿಟ್ಟು ಆ ಹರಳನ್ನೇ ಕದ್ದು ತಿನ್ನುತ್ತಿದ್ದೆವು. ಹಲ್ಲಿನಡಿ ಕಟಕಟ ಅನ್ನುತ್ತಿತ್ತು.

ಸಂಸ್ಕೃತದಲ್ಲಿ 'ಶರ್ಕರಾ' ಅಂದರೆ ಆ ಗರಗರವೇ. ಮರಳು, ನೊರಜುಗಲ್ಲು. ಪದದಲ್ಲಿ ಸಿಹಿಯ ಸುಳಿವೇ ಇಲ್ಲ! ಕಬ್ಬಿನ ಹಾಲು ಕಾಯಿಸಿ ಹರಳು ಮಾಡಿದಾಗ, ಮರಳಿನಂತೆ ಕಂಡಿತು, ಅದಕ್ಕೆ ಮರಳು ಅಂದರು. ಹಳೆಯ ವೈದ್ಯರು ಮೂತ್ರದಲ್ಲಿ ಬರುವ ಕಲ್ಲಿನ ಪುಡಿಗೂ ಶರ್ಕರಾ ಅಂತಲೇ ಹೇಳುತ್ತಿದ್ದರು. ಸುಶ್ರುತ ಸಂಹಿತೆಯಲ್ಲಿ ಆ ಪದ ಬರುವುದು ಅಶ್ಮರಿಯ ಜೊತೆ, ಅಂದರೆ ಕಿಡ್ನಿ ಸ್ಟೋನಿನ ಜೊತೆ. ಇಷ್ಟು ಗೊತ್ತಾದ ಮೇಲೆ ನಮ್ಮ 'ಕಲ್ಲುಸಕ್ಕರೆ'ಯನ್ನು ಒಮ್ಮೆ ಬಿಡಿಸಿ ನೋಡಿ. ಕಲ್ಲು, ಅದರ ಮೇಲೆ ಮತ್ತೆ ನೊರಜುಗಲ್ಲು. ದೇವರ ನೈವೇದ್ಯಕ್ಕೆ ನಾವು ಇಡುತ್ತಿರುವುದು ಎರಡು ಸಲ ಕಲ್ಲು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಸರಕಿನ ಪಟ್ಟಿ ಇದೆ. ಆ ಪುಸ್ತಕದ ಓಲೆಗರಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚಾಯಿತು. ಕಬ್ಬಿನ ಸಿಹಿಗಳನ್ನು ಅದರಲ್ಲಿ ಒಂದೇ ಸಾಲಿನಲ್ಲಿ ಜೋಡಿಸಿದ್ದಾರೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಆಲೆಮನೆ ಕಂಡವರಿಗೆ ಈ ಸಾಲು ಕಷ್ಟವೇನಲ್ಲ. ಫಾಣಿತ ಅಂದರೆ ನಮ್ಮ ಜೋನಿ. ಗುಡ ಬೆಲ್ಲ. ಮತ್ಸ್ಯಂಡಿಕಾ ಮೀನಿನ ಮೊಟ್ಟೆಯಂಥ ಕಾಳುಕಾಳು. ಖಂಡ ಗಟ್ಟಿ ತುಂಡು. ಕೊನೆಗೆ ಮರಳು. ನೀರಾಗಿದ್ದದ್ದು ಗಟ್ಟಿಯಾಗುತ್ತಾ ಹೋದಂತೆ ಒಂದೊಂದು ಹೆಸರು. ಅಜ್ಜಿಯ ಡಬ್ಬಿಯಲ್ಲಿ ಮೊದಲನೆಯದೂ ಕೊನೆಯದೂ ಒಟ್ಟಿಗೇ ಇದ್ದವು.

ಈಗ ಲಿಫ್ಟಿನ ಹಿರಿಯರ ಮಾತಿಗೆ ಬರೋಣ. ಅವರು ಹೇಳಿದ್ದು ಅರ್ಧ ಸರಿ. ಮೂಲ ಶರ್ಕರಾನೇ. ಆದರೆ ಅದು ಪಂಡಿತರ ಕೈಯಿಂದ ನೇರ ನಮ್ಮ ಅಡುಗೆಮನೆಗೆ ಬಂದದ್ದಲ್ಲ. ಜನರ ಪ್ರಾಕೃತದಲ್ಲಿ ಅದು ಆಗಲೇ 'ಸಕ್ಕರ' ಆಗಿತ್ತು, ಪಾಲಿಯಲ್ಲಿ 'ಸಕ್ಖರಾ'. ಶರ್ಕರಾ ಅನ್ನೋಕೆ ನಾಲಿಗೆ ತಿರುಗಬೇಕು. ಸಂತೆಯಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ರಕಾರ ಬಿತ್ತು, ಕಕಾರ ಇಮ್ಮಡಿಯಾಯಿತು. ವರ್ಣ ಬಣ್ಣ ಆಗಿದ್ದು, ಪರ್ವ ಹಬ್ಬ ಆಗಿದ್ದು ಇದೇ ದಾರಿಯಲ್ಲಿ. ಕೊನೆಯ ಆಕಾರವನ್ನು ಎಕಾರ ಮಾಡಿಕೊಂಡದ್ದು ಮಾತ್ರ ನಮ್ಮ ಕೈಚಳಕ. ಮಾಲಾ ಮಾಲೆ ಆಯಿತು, ಶಾಲಾ ಶಾಲೆ ಆಯಿತು, ಹಾಗೇ ಸಕ್ಕರೆ. ಉತ್ತರ ಕರ್ನಾಟಕದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಕ್ರಿ ಮಾಡಿದರು.

ನನಗೆ ತುಂಬಾ ಇಷ್ಟವಾದ ಸಂಗತಿ ಏನೆಂದರೆ, ಗ್ರೀಕರಿಗೆ ಕೇಳಿಸಿದ್ದೂ ಈ ಸಂತೆಯ ಪದವೇ. ಕ್ರಿಸ್ತಶಕ 1ನೇ ಶತಮಾನದ ಒಂದು ಗ್ರೀಕ್ ವ್ಯಾಪಾರದ ಕೈಪಿಡಿಯಲ್ಲಿ, ಭರೂಚ್ ಕಡೆಯಿಂದ ಆಫ್ರಿಕಾದ ಕರಾವಳಿಗೆ ಹಡಗಿನಲ್ಲಿ ಹೋಗುವ ಸರಕಿನ ಮಧ್ಯೆ "ಸಕ್ಖರಿ ಎಂಬ ಜೊಂಡಿನ ಜೇನು" ಇದೆ. ಅದೇ ಕಾಲದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಇದನ್ನು 'ಸಕ್ಖರೋನ್' ಅಂತ ಕರೆದು, ಉಪ್ಪಿನ ಹಾಗೆ ಹಲ್ಲಿನಡಿ ಪುಡಿಯಾಗುತ್ತದೆ ಅಂತ ಬರೆದಿದ್ದಾನೆ. ಎರಡು ಸಾವಿರ ವರ್ಷದ ಹಿಂದಿನವನು. ಕಟಕಟ ಅವನಿಗೂ ಕೇಳಿಸಿತ್ತು ನೋಡಿ. ರಕಾರ ಆ ಹೊತ್ತಿಗೇ ಬಿದ್ದುಹೋಗಿದೆ, ಒತ್ತಕ್ಷರ ಸೇರಿಕೊಂಡಿದೆ. ಬಂದರಿನಲ್ಲಿ ಮೂಟೆ ಹೊತ್ತವರು, ಕೂಗಿ ಮಾರಿದವರು ಆಡಿದ ಮಾತನ್ನೇ ಹಡಗಿನವರು ಎತ್ತಿಕೊಂಡು ಹೋಗಿದ್ದಾರೆ. ಮುಂದೆ ಅದೇ ಲ್ಯಾಟಿನ್ನಿಗೆ ಹೋಯಿತು, ಕಬ್ಬಿನ ಗಿಡದ ವೈಜ್ಞಾನಿಕ ಹೆಸರು 'ಸ್ಯಾಕರಮ್' ಆಯಿತು. 1879ರಲ್ಲಿ ಕಲ್ಲಿದ್ದಲಿನ ಡಾಂಬರಿನಿಂದ ಹುಟ್ಟಿದ ಕೃತಕ ಸಿಹಿಗೂ 'ಸ್ಯಾಕರಿನ್' ಅಂತ ಹೆಸರಿಟ್ಟರು. ಒಂದು ಕಾಳು ಸಕ್ಕರೆಯೂ ಇಲ್ಲದ ಮಾತ್ರೆಗೆ ಸಕ್ಕರೆಯ ಹೆಸರು.

ಶುಗರ್ ಬಂದ ದಾರಿ ಬೇರೆ, ಅದು ಭೂಮಿಯ ಮೇಲಿನ ದಾರಿ. ಪರ್ಷಿಯದಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್. ಅರಬರು ಕಬ್ಬನ್ನೇ ಈಜಿಪ್ಟ್, ಸಿಸಿಲಿ, ಸ್ಪೇನ್‌ವರೆಗೆ ಒಯ್ದು ನೆಟ್ಟರು. ಅಲ್ಲಿಂದ ಇಟಲಿಯ ಜುಕ್ಕೆರೊ, ಜರ್ಮನಿಯ ತ್ಸುಕರ್, ಫ್ರೆಂಚಿನ ಸ್ಯೂಕ್ರ್, ಕೊನೆಗೆ ಇಂಗ್ಲಿಷಿನ ಶುಗರ್. ಸ್ಪೇನಿನವರು ಅರಬ್ಬಿಯ 'ಅಲ್' ಅನ್ನೂ ಸೇರಿಸಿಕೊಂಡು ಅಸೂಕಾರ್ ಮಾಡಿಕೊಂಡರು. ಸ್ವಾಹಿಲಿಯಲ್ಲಿ ಸುಕಾರಿ. ಈ ಪಟ್ಟಿ ಬೆಳೆಸುತ್ತಾ ಹೋದರೆ ಮುಗಿಯುವುದಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ಇಂಗ್ಲಿಷಿನವರು 'ಎಸ್' ಬರೆದು 'ಶು' ಅನ್ನುವುದನ್ನು ಕಂಡು, "ನೋಡಿ, ಶರ್ಕರಾದ ಶಕಾರ ಅಲ್ಲಿ ಉಳಿದಿದೆ" ಅಂತ ಖುಷಿಪಡುವವರಿದ್ದಾರೆ. ಹಾಗೇನಿಲ್ಲ. ಫ್ರೆಂಚಿನಿಂದ ಬರುವಾಗ ಅದು ಸಕಾರವೇ ಆಗಿತ್ತು. ಶಕಾರ ಆದದ್ದು ಆಮೇಲೆ, ಇಂಗ್ಲೆಂಡಿನಲ್ಲೇ. 'ಶೂರ್' ಅನ್ನುವ ಪದಕ್ಕೂ ಹೀಗೇ ಆಯಿತು.

ಇನ್ನು ಒಂದು ಪೇಚಿನ ಕಥೆ. ಕೆಲವು ವರ್ಷದ ಹಿಂದೆ ಕಣ್ಣೂರಿನಲ್ಲಿ ಗೆಳತಿಯ ಮನೆಯಲ್ಲಿದ್ದೆ. ಟೀಗೆ ಸಕ್ಕರೆ ಮುಗಿದಿತ್ತು, ನಾನು ತರುತ್ತೇನೆ ಅಂತ ಅಂಗಡಿಗೆ ಹೋದೆ. ಮಲಯಾಳ ಬರುವುದಿಲ್ಲ. ಆದರೂ ಸಕ್ಕರೆ ಎಲ್ಲ ಕಡೆ ಸಕ್ಕರೆಯೇ ತಾನೇ? "ಅರ್ಧ ಕಿಲೋ ಶರ್ಕರ" ಅಂದೆ, ಜಾಣತನ ತೋರಿಸಿ. ಅಂಗಡಿಯವರು ತಲೆ ಆಡಿಸಿ ಕಾಗದದಲ್ಲಿ ಕಟ್ಟಿ ಕೊಟ್ಟರು. ಮನೆಗೆ ಬಂದು ಬಿಚ್ಚಿದರೆ ಕಪ್ಪಗಿನ ಉಂಡೆಬೆಲ್ಲ! ಗೆಳತಿಯ ಅಮ್ಮ ನಕ್ಕೂ ನಕ್ಕೂ ಸುಸ್ತಾದರು. ಮಲಯಾಳದಲ್ಲಿ ಶರ್ಕರ, ಚಕ್ಕರ ಅಂದರೆ ಬೆಲ್ಲ. ಬಿಳಿ ಸಕ್ಕರೆ ಬೇಕಿದ್ದರೆ ಪಂಚಸಾರ ಅನ್ನಬೇಕು. ಬಾಳೆಕಾಯಿ ತುಂಡಿಗೆ ಬೆಲ್ಲದ ಪಾಕ ಹಿಡಿಸಿದ ಅವರ 'ಶರ್ಕರ ಉಪ್ಪೇರಿ' ತಿಂದವರಿಗೆ ಇದು ಮೊದಲೇ ಗೊತ್ತಿರುತ್ತದೆ. ತಮಿಳರ ಸಕ್ಕರೈ ಪೊಂಗಲ್‌ಗೂ ಹಾಕುವುದು ಬೆಲ್ಲವನ್ನೇ ಅಲ್ವಾ?

ಆ ದಿನ ಬೆಲ್ಲದ ಟೀ ಕುಡಿದದ್ದಾಯಿತು. ಆದರೆ ಅದರಿಂದ ಇನ್ನೊಂದು ಗಂಟು ಬಿಚ್ಚಿತು. 16ನೇ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರಿಗೆ ಸಿಕ್ಕಿದ್ದೂ ಇದೇ ಕಪ್ಪು ಉಂಡೆ, ಇದೇ ಹೆಸರು. ಅವರ ಬಾಯಲ್ಲಿ ಅದು 'ಜಾಗರಾ' ಆಯಿತು. ಅದನ್ನು ಕೇಳಿ ಇಂಗ್ಲಿಷರು 'ಜಾಗರಿ' ಮಾಡಿದರು. ಅಂದರೆ ಶುಗರ್ ಮತ್ತು ಜಾಗರಿ ಒಂದೇ ಪದ! ಒಂದು ಪರ್ಷಿಯ, ಅರಬ್ ಸುತ್ತಿ ನಿಧಾನಕ್ಕೆ ಹೋಯಿತು. ಇನ್ನೊಂದು ಕರಾವಳಿಯಿಂದ ಹಡಗು ಹತ್ತಿ ನೇರ ಹೋಯಿತು. ಇಂಗ್ಲಿಷಿನಲ್ಲಿ ಮತ್ತೆ ಭೇಟಿಯಾದಾಗ ಒಂದಕ್ಕೊಂದು ಗುರುತು ಹತ್ತಲಿಲ್ಲ. ಪಾಠಕ್ಕೆ ಬರುವವರಿಗೆ ಇದನ್ನು ಹೇಳಿದಾಗ ಮಾತ್ರ ಒಂದು ಕ್ಷಣ ಎಲ್ಲರೂ ಫೋನ್ ಕೆಳಗಿಡುತ್ತಾರೆ.

ಅರ್ಥಶಾಸ್ತ್ರದ ಸಾಲಿನಲ್ಲಿದ್ದ ಖಂಡವೂ ಸುಮ್ನೆ ಕೂರಲಿಲ್ಲ. ಪರ್ಷಿಯ, ಅರಬ್ಬಿಗಳಲ್ಲಿ ಕಂದ್ ಆಗಿ, ಇಂಗ್ಲಿಷಿನಲ್ಲಿ ಕ್ಯಾಂಡಿ ಆಯಿತು. ಗುಲ್ಕನ್ ಅನ್ನುತ್ತೇವಲ್ಲ, ಅದೂ ಗುಲ್ ಮತ್ತು ಕಂದ್, ಗುಲಾಬಿ ಮತ್ತು ಸಕ್ಕರೆ. ಗುಡ ಪೂರ್ವಕ್ಕೆ ಹೋಯಿತು. ಇಂಡೋನೇಷ್ಯದಲ್ಲಿ ಇವತ್ತಿಗೂ ಸಕ್ಕರೆಗೆ 'ಗುಲಾ' ಅನ್ನುತ್ತಾರೆ. ಹೋದ ಪದಗಳು ವೇಷ ಮರೆಸಿಕೊಂಡು ವಾಪಸ್ ಬರುವುದೂ ಉಂಟು. ದೀಪಾವಳಿಗೆ ಡಬ್ಬಿಗಟ್ಟಲೆ ಕರಿಯುವ ಶಂಕರಪೋಳಿಗೂ ಶಂಕರನಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಅದು ಪರ್ಷಿಯದ ಶಕರ್‌ಪಾರಾ, ಸಕ್ಕರೆಯ ತುಂಡು. ಮರಾಠಿಯಲ್ಲಿ ಶಂಕರಪಾಳಿ ಆಗಿ ಅಲ್ಲಿಂದ ನಮ್ಮಲ್ಲಿಗೆ ಬಂತು.

ಹಿಂದಿಯವರು ಸಕ್ಕರೆಗೆ 'ಚೀನಿ' ಅನ್ನುತ್ತಾರೆ, ಚೀನಾದ್ದು ಅಂತ. ಕಲ್ಲುಸಕ್ಕರೆಗೆ 'ಮಿಶ್ರಿ', ಮಿಸ್ರ್ ಅಂದರೆ ಈಜಿಪ್ಟಿನದ್ದು ಅಂತ. ತಮಾಷೆ ಏನೆಂದರೆ, 647ರಲ್ಲಿ ಚೀನಾದ ತಾಂಗ್ ದೊರೆ ತೈಝೊಂಗ್, ಸಕ್ಕರೆ ಕಾಯಿಸುವುದನ್ನು ಕಲಿತು ಬನ್ನಿ ಅಂತ ಮಗಧಕ್ಕೆ ಜನರನ್ನು ಕಳಿಸಿದ್ದ. ಹೇಳಿಕೊಟ್ಟವರೇ ಕೊನೆಗೆ ಅದಕ್ಕೆ ಕಲಿತವರ ಹೆಸರಿಟ್ಟರು. ಚೀನೀಯರು ಸಕ್ಕರೆಗೆ ಏನಂತಾರೆ ಗೊತ್ತಾ? ಶಾತಾಂಗ್. ಆ 'ಶಾ' ಅಂದರೆ ಮರಳು.

ಇನ್ನು ಮೊಮ್ಮಗನ ಅಚ್ಚಗನ್ನಡ. ಬೇಕೇ ಬೇಕು ಅಂದರೆ ಬೆಲ್ಲ ಇದೆ, ಕಬ್ಬು ಇದೆ. ತೆಲುಗಿನ ಬೆಲ್ಲಂ, ತಮಿಳಿನ ವೆಲ್ಲಂ, ಕರುಂಬು ಇವೆಲ್ಲ ಇವುಗಳ ಒಡಹುಟ್ಟುಗಳು, ಯಾರಿಂದಲೂ ಸಾಲ ತಂದದ್ದಲ್ಲ. ನನಗೆ ಬರುವ ಗಾದೆಗಳಲ್ಲೂ ಬೆಲ್ಲ, ಕಬ್ಬುಗಳೇ ಜಾಸ್ತಿ. ಆದರೆ ಅವನು ಬೀಗುವ ಮೊದಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ: ಕಬ್ಬಿನ ಗಿಡದ ತವರು ನ್ಯೂಗಿನಿ ದ್ವೀಪ. ಹೆಸರು ನಮ್ಮದು, ಗಿಡ ಸಮುದ್ರದಾಚೆಯದು. ಹಾಗಿರುವಾಗ ಸಕ್ಕರೆಗೆ ಬೇರೆ ಪದ ಕಟ್ಟುವ ಉಸಾಬರಿ ಯಾಕೆ? ಒಳ್ಳೆ ಸುದ್ದಿ ತಂದವರಿಗೆ "ನಿನ್ನ ಬಾಯಿಗೆ ಸಕ್ಕರೆ ಹಾಕ" ಅನ್ನುತ್ತೇವೆ. ಅಕ್ಕರೆಗೆ ಪ್ರಾಸವಾಗಿ ಸಕ್ಕರೆ ಕೂತಿದೆ. ಇಷ್ಟು ವರ್ಷ ಮನೆಯಲ್ಲಿದ್ದ ಸೊಸೆಯನ್ನು ಹೊರಗಿನವಳು ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ಆದರೂ ಪಾಠಕ್ಕೆ ಬರುವವರ ಅನುಮಾನದಲ್ಲಿ ತಪ್ಪಿಲ್ಲ. ನಾವೇ ಎರಡನ್ನೂ ಆಡುತ್ತೇವೆ. ಮನೆಯಲ್ಲಿ ಮುಗಿಯುವುದು ಸಕ್ಕರೆ, ಮೈಯಲ್ಲಿ ಬರುವುದು ಶುಗರ್. "ನಂಗೆ ಶುಗರ್ ಇದೆ, ಸಕ್ಕರೆ ಹಾಕ್ಬೇಡಿ" ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಮಂಡ್ಯ ಸಕ್ಕರೆ ನಾಡು. ಅಲ್ಲಿ 1933ರಲ್ಲಿ ಶುರುವಾದ ಕಾರ್ಖಾನೆಗೆ ಜನ ಕರೆಯುವುದು ಮೈಶುಗರ್ ಅಂತ.

ಕಳೆದ ಬ್ಯಾಚಿನ ಕಾನ್ಪುರದ ಹುಡುಗಿಯೊಬ್ಬಳನ್ನು ಪಾಠ ಮುಗಿದ ಮೇಲೆ ಹತ್ತಿರದ ದರ್ಶಿನಿಗೆ ಕರೆದುಕೊಂಡು ಹೋಗಿದ್ದೆ. ಆರ್ಡರ್ ನೀನೇ ಹೇಳು ಅಂದೆ. ದಾರಿಯುದ್ದಕ್ಕೂ ಬಾಯಲ್ಲೇ ಅಭ್ಯಾಸ ಮಾಡಿಕೊಂಡು ಬಂದಳು. ಕೌಂಟರಿನ ಮುಂದೆ ನಿಂತು, ಒಂದೊಂದೇ ಅಕ್ಷರ ಬಿಡಿಸಿ, "ಅಣ್ಣಾ, ಎರಡು ಕಾಫಿ. ಒಂದಕ್ಕೆ ಸಕ್ಕರೆ ಕಮ್ಮಿ" ಅಂದಳು. ಒಂದೂ ತಪ್ಪಿರಲಿಲ್ಲ. ನನಗೆ ಹೆಮ್ಮೆಯಾಯಿತು.

ಅಣ್ಣ ಚೀಟಿ ಹರಿದು ಒಳಗೆ ತಿರುಗಿ ಕೂಗಿದರು: "ಎರಡು ಕಾಫೀ... ಒಂದು ಶುಗರ್ ಲೆಸ್!"