ಕಣ್ಣು ಬೆಳ್ಳಗೇ ಇದೆಯಲ್ಲ!

ಮಂಗಳವಾರದಿಂದ ಆ ಕೆಳರೆಪ್ಪೆ ಕಣ್ಮುಂದೆಯೇ ಇದೆ. ಅಮೆರಿಕದ ಮಿನಿಯಾಪೊಲಿಸ್‌ನ ಒಂದು ಕ್ಲಿನಿಕ್. ರಕ್ತದಲ್ಲಿ ಹೆಪಟೈಟಿಸ್ ಬಿ, ಅಂದರೆ ಲಿವರಿಗೆ ತಗಲುವ ವೈರಸ್, ಸಿಕ್ಕಿತ್ತು. ದುಭಾಷಿ ಅದನ್ನು ಸೊಮಾಲಿಯಲ್ಲಿ ‘ಅಗಾರ್‌ಶೋ’ ಅಂದದ್ದೇ ತಡ, ಸೊಮಾಲಿ ಟ್ಯಾಕ್ಸಿ ಚಾಲಕ ಎದ್ದು ಕೈತೊಳೆಯುವ ಬೇಸಿನ್ನಿನ ಕನ್ನಡಿ ಮುಂದೆ ನಿಂತ. ತೋರುಬೆರಳಿನಿಂದ ರೆಪ್ಪೆ ಜಗ್ಗಿ ಹಿಡಿದು, “ಎಲ್ಲಿದೆ, ತೋರಿಸಿ” ಅಂದ. ಕಣ್ಣು ಮಲ್ಲಿಗೆಯಷ್ಟು ಬಿಳಿ.

ಅವನ ಭಾಷೆಯಲ್ಲಿ ‘ಅಗಾರ್’ ಎಂದರೆ ಹಸಿರು. ರೋಗದ ಹೆಸರಲ್ಲೇ ಬಣ್ಣ ಇರುವಾಗ ಬಣ್ಣವಿಲ್ಲದ ರೋಗವನ್ನು ನಂಬುವುದು ಹೇಗೆ? ನಮ್ಮಲ್ಲೂ ಅರಿಶಿನ ಕಾಮಾಲೆ ಎಂದರೆ ಮೊದಲು ಕಣ್ಣು ನೋಡುವುದು, ಆಮೇಲೆ ಬರೆ. ಸೊಮಾಲಿಗಳಲ್ಲೂ ಕಾದ ಕಡ್ಡಿಯಿಂದ ಸುಡುವ ರೂಢಿಯಿದೆ. ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ವಾಸಿ ಮಾಡಿದ ಹೆಸರು ಬರೆಗೆ ಹೋಗುತ್ತದೆ. ಬಿ ಹಾಗಲ್ಲ.

ಡಾಕ್ಟರು ಲಿವರಿನ ಪೆಟ್ಟು ತೋರಿಸುವ ರಕ್ತಪರೀಕ್ಷೆ ನೋಡುತ್ತ, ಪರದೆಯಿಂದ ಮುಖ ಎತ್ತದೆ, “ಎಎಲ್‌ಟಿ ನಾರ್ಮಲ್, ಆರು ತಿಂಗಳು ಬಿಟ್ಟು ಬನ್ನಿ” ಅಂದರು. ಸುಳ್ಳಲ್ಲ. ಆದರೆ ಜಗ್ಗಿದ ರೆಪ್ಪೆಗೆ ಅದು ಉತ್ತರವೂ ಅಲ್ಲ.

ಹೇಳಬೇಕಾಗಿದ್ದದ್ದು ಇಷ್ಟು: ಲಿವರ್ ಕೆಡಿಸುವುದು ವೈರಸ್ಸಿಗಿಂತ ಹೆಚ್ಚಾಗಿ ಅದನ್ನು ಹೊಡೆಯಲು ಹೋಗುವ ನಮ್ಮದೇ ರಕ್ಷಣಾ ಪಡೆ. ಹಸುಗೂಸಿನ ಪಡೆಗೆ ಶತ್ರುವಿನ ಗುರುತೇ ಸಿಗುವುದಿಲ್ಲ. ಹೊಡೆದಾಟವಿಲ್ಲದಾಗ ಕಣ್ಣೂ ಬಣ್ಣಗೆಡುವುದಿಲ್ಲ. ಅದಕ್ಕೇ ಹುಟ್ಟುವಾಗ ತಗುಲಿದರೆ 100ರಲ್ಲಿ 90 ಮಕ್ಕಳಲ್ಲಿ ಅದು ಬೇರೂರುತ್ತದೆ. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ. ಸೊಮಾಲಿಯಾದಲ್ಲಿ ಅದು ಹೆಚ್ಚಾಗಿ ಹರಡುವುದು ಹೆರಿಗೆಯಲ್ಲಿ ಮತ್ತು ಎಳವೆಯಲ್ಲಿ. ಅಲ್ಲಿಗೆ ಪೆಂಟಾವೇಲೆಂಟ್, ಅಂದರೆ ಹೆಪಟೈಟಿಸ್ ಬಿಯೂ ಸೇರಿದ ಐದು ರೋಗಗಳ ಲಸಿಕೆ ಬಂದದ್ದೇ 2013ರಲ್ಲಿ. ಅದರ ಮೊದಲ ಡೋಸು ಆರನೇ ವಾರಕ್ಕೆ. ತಾಯಿಯಿಂದ ಬರುವುದನ್ನು ತಡೆಯಬೇಕಾದರೆ ಮೊದಲ 24 ಗಂಟೆಯೊಳಗೇ ಚುಚ್ಚಬೇಕು.

ಇದನ್ನು ಯಾರೂ ಹೇಳದ್ದಕ್ಕೆ ಅವನ ಹೆಂಡತಿ ಮೆಲ್ಲಗೆ, “ಯಾರಿಂದ ಅಂಟಿಸಿಕೊಂಡು ಬಂದೆ?” ಎಂದು ಕೇಳಿದಳು. ದುಭಾಷಿ ಅದನ್ನು ನುಂಗಿಕೊಂಡ. ಹುಡುಗ ಒಳ್ಳೆಯವನೇ, ಆದರೆ ನಾಚಿಕೆಯ ಮಾತು ಬಂದರೆ ಅವನಿಗೆ ಇಂಗ್ಲಿಷ್ ಮರೆತುಹೋಗುತ್ತದೆ. ಗಂಡನಿಗೆ ಇದು ತೊಟ್ಟಿಲಲ್ಲೇ ಅಂಟಿರುವ ಸಂಭವವೇ ಹೆಚ್ಚು ಎಂಬ ಒಂದು ವಾಕ್ಯ ಅವಳಿಗೆ ಸಿಕ್ಕಿದ್ದರೆ!

ಅವಳ ರಕ್ತ ನೋಡಬೇಕೆಂದೂ ಯಾರಿಗೂ ಹೊಳೆಯಲಿಲ್ಲ. ಒಂದೇ ಸಲ ರಕ್ತ ತೆಗೆದರೆ ಮೂರು ಪರೀಕ್ಷೆಯೂ ಆಗುತ್ತದೆ: ಸರ್ಫೇಸ್ ಆಂಟಿಜೆನ್ (ವೈರಸ್ಸಿನ ಹೊರಕವಚದ ತುಣುಕು) ಇದ್ದರೆ ಸೋಂಕು ಈಗಲೂ ಇದೆ, ಆರು ತಿಂಗಳು ದಾಟಿ ಮತ್ತೆ ನೋಡಿದಾಗಲೂ ಇದ್ದರೆ ದೀರ್ಘಕಾಲದ್ದು, ಅದಿಲ್ಲದೆ ಕೋರ್ ಮತ್ತು ಸರ್ಫೇಸ್ ಆಂಟಿಬಾಡಿ (ವೈರಸ್ಸಿನ ಒಳತಿರುಳು ಮತ್ತು ಹೊರಕವಚದ ವಿರುದ್ಧ ದೇಹ ಮಾಡುವ ಪ್ರತಿಕಾಯ) ಎರಡೂ ಇದ್ದರೆ ಬಂದು ಹೋಗಿದೆ, ಸರ್ಫೇಸ್ ಆಂಟಿಬಾಡಿ ಮಾತ್ರ ಇದ್ದರೆ ಲಸಿಕೆಯ ಫಲ. ಮೂರೂ ಇಲ್ಲದಿದ್ದರೆ ಇವತ್ತೇ ಲಸಿಕೆಯ ಮೊದಲ ಡೋಸು, ಒಂದು ತಿಂಗಳ ಬಳಿಕ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಬಸುರಿಯಲ್ಲಿ ವೈರಸ್ ಮಿಲಿಲೀಟರಿಗೆ 2 ಲಕ್ಷ ಯೂನಿಟ್ ದಾಟಿದ್ದರೆ 28ನೇ ವಾರದಿಂದ ಟೆನೊಫೊವಿರ್, ವೈರಸ್ ತಗ್ಗಿಸುವ ಮಾತ್ರೆ.

ಎಲ್ಲರಿಗೂ ಮಾತ್ರೆ ಬೇಕಿಲ್ಲ. ಶುರುವಾದರೆ ದಿನಕ್ಕೊಂದು, ರಂಜಾನಿನಲ್ಲಿ ಇಫ್ತಾರ್ ಹೊತ್ತಿಗೆ ನುಂಗಿದರಾಯಿತು. ಕೇಳದೆ ನಿಲ್ಲಿಸಿದರೆ ಮಾತ್ರ ವೈರಸ್ ಮರಳಿ ಎದ್ದು ಲಿವರ್ ಉರಿಯಬಹುದು. ಎಎಲ್‌ಟಿ ಚೆನ್ನಾಗಿದ್ದರೂ ಸ್ಕ್ಯಾನಿಂಗ್ ಯಾಕೆಂದರೆ, ಈ ವೈರಸ್ ಲಿವರ್ ಕೋಶದ ಡಿಎನ್‌ಎಯೊಳಗೇ ಹೊಲಿದುಕೊಳ್ಳುತ್ತದೆ. ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಆಗದೆಯೂ ಕ್ಯಾನ್ಸರ್ ಬರಬಹುದು, ಆಫ್ರಿಕಾದಲ್ಲಿ ಹುಟ್ಟಿದವರಲ್ಲಿ ಚಿಕ್ಕ ವಯಸ್ಸಿಗೇ. ರೇಜರು, ಬ್ರಷ್ಷು, ಹಿಜಾಮಾದ (ಚರ್ಮ ಗೀರಿ ಬಟ್ಟಲಿಟ್ಟು ರಕ್ತ ತೆಗೆಯುವ ಚಿಕಿತ್ಸೆಯ) ಬ್ಲೇಡು ಹಂಚಿಕೊಳ್ಳಬಾರದು. ಒಣಗಿದ ರಕ್ತದಲ್ಲಿ ವೈರಸ್ ಕನಿಷ್ಠ ಏಳು ದಿನ ಬದುಕಿರುತ್ತದೆ.

ಬಾಗಿಲ ಹತ್ತಿರ ಅವನು ತಿರುಗಿ ನಿಂತ. ಅವರ ಮನೆಗಳಲ್ಲಿ ದೊಡ್ಡ ಹರಿವಾಣದ ಸುತ್ತ ಕೂತು ಎಲ್ಲರೂ ಒಟ್ಟಿಗೆ ಉಣ್ಣುವುದು.

“ಮಕ್ಕಳ ಜೊತೆ ಒಂದೇ ತಟ್ಟೆಯಲ್ಲಿ?”

“ಧಾರಾಳವಾಗಿ,” ಅಂದರು ಡಾಕ್ಟರು, ಪರದೆ ನೋಡುತ್ತಲೇ.

ಅದನ್ನು ಮಾತ್ರ ದುಭಾಷಿ ಎರಡು ಸಲ ಹೇಳಿದ, ಎರಡನೆಯ ಸಲ ಹೆಂಡತಿಯ ಕಡೆ ತಿರುಗಿ.